ಕಡಲಿನ ಪ್ರೈಜ್ ಬಹುಮಾನವಲ್ಲ, ಸೆರೆ

ಹಾಯಿಹಡಗುಗಳ ಕಾಲದ ಯುದ್ಧಗಳ ಬಗ್ಗೆ ಕನ್ನಡದಲ್ಲಿ ಏನೇ ಓದಿದರೂ ಒಂದು ವಾಕ್ಯ ಎದುರಾಗುತ್ತದೆ: 'ಶತ್ರುವಿನ ಹಡಗನ್ನು ಬಹುಮಾನವಾಗಿ ಪಡೆದರು.' ಬಹುಮಾನ ಕೊಟ್ಟವರು ಯಾರು? ಯಾರೂ ಇಲ್ಲ. ಗುಂಡು ಹಾರಿಸಿ, ಎದುರಾಳಿಯ ಬಾವುಟ ಇಳಿಸಿ ಕಿತ್ತುಕೊಂಡ ಹಡಗು ಅದು.

ತಪ್ಪು ಹುಟ್ಟುವುದು ಇಂಗ್ಲಿಷಿನ 'ಪ್ರೈಜ್' ಪದದಿಂದ. ಕೇಳಲು ಒಂದೇ ಆದರೂ ಇಲ್ಲಿರುವುದು ಎರಡು ಪದ. ಓಟದಲ್ಲಿ ಗೆದ್ದವರಿಗೆ ಕೊಡುವ ಪ್ರೈಜ್ ಬಂದದ್ದು ಲ್ಯಾಟಿನ್ನಿನ 'ಪ್ರೆಟಿಯಂ'ನಿಂದ. ಅದರ ಅರ್ಥ ಬೆಲೆ. ನಾವು ಅಂಗಡಿಯಲ್ಲಿ ಕೇಳುವ 'ಪ್ರೈಸ್' ಕೂಡ ಅದೇ ಮೂಲದ್ದು. ಕಡಲಿನ ಪ್ರೈಜ್ ಬಂದದ್ದು ಫ್ರೆಂಚಿನ 'ಪ್ರೀಜ್'ನಿಂದ, ಅಂದರೆ ಹಿಡಿದದ್ದು. ಅದರ ಹಿಂದಿರುವುದು ಹಿಡಿ ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದ 'ಪ್ರೆಹೆಂಡೆರೆ'. 'ಪ್ರಿಸನ್' ಹುಟ್ಟಿದ್ದೂ ಅದರಿಂದಲೇ. ಅಂದರೆ ಕಡಲಿನ ಪ್ರೈಜ್‌ಗೆ ನೆಂಟಸ್ತನ ಇರುವುದು ಜೈಲಿನ ಜೊತೆ, ಪದಕದ ಜೊತೆ ಅಲ್ಲ. ಇಷ್ಟು ಸರಿಯಾಗಿ ಹೊಂದುವ ಪದ ನಮ್ಮಲ್ಲೇ ಇದೆ: ಸೆರೆ. ಸೆರೆಹಿಡಿ, ಸೆರೆಯಾಳು, ಸೆರೆಮನೆ ಎಲ್ಲ ಇವೆ. ಸೆರೆಹಡಗು ಅನ್ನಲು ಏನು ಅಡ್ಡಿ? 'ಬಹು ಮಾನ' ಅಂದರೆ ತುಂಬ ಗೌರವ. ಸೋತ ಹಡಗಿಗೆ ಅದನ್ನು ಯಾಕೆ ಅಂಟಿಸಬೇಕು?

ಸೆರೆ ಎಂದ ಮಾತ್ರಕ್ಕೆ ಲೂಟಿ ಅಂತಲೂ ಅಲ್ಲ. ಹಿಡಿದ ಹಡಗಿಗೆ ಗೆದ್ದವರು ತಮ್ಮ ಕಡೆಯ ಕೆಲವು ನಾವಿಕರನ್ನು ಹತ್ತಿಸಿ ಬಂದರಿಗೆ ಕಳಿಸುತ್ತಿದ್ದರು. ನ್ಯಾಯಾಲಯ ಒಪ್ಪಿದರೆ ಅದನ್ನು ಮಾರುತ್ತಿದ್ದರು, ಇಲ್ಲವೇ ನೌಕಾಪಡೆಯೇ ಕೊಳ್ಳುತ್ತಿತ್ತು. ಬಂದ ಹಣ, ಅಂದರೆ ಪ್ರೈಜ್ ಹಣ, ಹಡಗು ಹಿಡಿದವರಿಗೆ ಪಾಲಾಗುತ್ತಿತ್ತು.

ಬ್ರಿಟಿಷರ 'ಹ್ಯಾನಿಬಲ್' ಕತೆಯನ್ನು ನಾವು ತಿಳಿಯಲೇಬೇಕು. 50 ತೋಪುಗಳ ಈ ಹಡಗು ನೀರಿಗಿಳಿದದ್ದು 1779ರಲ್ಲಿ. 1782ರ ಜನವರಿಯಲ್ಲಿ ಸುಮಾತ್ರಾ ಕಡೆಯ ಕಡಲಲ್ಲಿ ಫ್ರೆಂಚ್ ಹಡಗುಪಡೆಗೆ ಒಂಟಿಯಾಗಿ ಸಿಕ್ಕಿಬಿತ್ತು. ಫ್ರೆಂಚರ ಬಳಿ ಆಗಲೇ 74 ತೋಪಿನ 'ಅನ್ನಿಬಾಲ್' ಇತ್ತು. ಅದಕ್ಕೆ ಇದನ್ನು 'ಪೆತಿ ಅನ್ನಿಬಾಲ್', ಅಂದರೆ ಚಿಕ್ಕ ಅನ್ನಿಬಾಲ್ ಎಂದು ಕರೆದರು. ಫೆಬ್ರವರಿ 17ರಂದು ತಮಿಳುನಾಡಿನ ಕರಾವಳಿಯ ಸದ್ರಾಸ್ ಬಳಿ ಅಡ್ಮಿರಲ್ ಹ್ಯೂಸ್‌ನ ಬ್ರಿಟಿಷ್ ಪಡೆಯ ವಿರುದ್ಧ ಫ್ರೆಂಚ್ ಸಾಲಿನಲ್ಲಿ ಈ ಹಡಗೂ ಇತ್ತು. ಒಂದು ತಿಂಗಳೂ ಆಗಿರಲಿಲ್ಲ, ಅಷ್ಟರಲ್ಲಿ ಹಡಗಿನ ಪಕ್ಷವೇ ಬದಲಾಗಿತ್ತು. ಕಡಲ ಯುದ್ಧದಲ್ಲಿ ಇದು ವಿಚಿತ್ರವೇನಲ್ಲ. ಮರಕ್ಕೆ, ಹಗ್ಗಕ್ಕೆ, ಹಾಯಿಗೆ ದೇಶವಿಲ್ಲ.

ಜನರ ಪಾಡು ಬೇರೆಯೇ ಆಯಿತು. ಆಗ ಹೈದರಾಲಿ ಫ್ರೆಂಚರ ಮಿತ್ರ, ಬ್ರಿಟಿಷರ ವೈರಿ. ಫ್ರೆಂಚ್ ಪಡೆಯ ನಾಯಕ ಸಫ್ರೆನ್ ಬಳಿ ಸೆರೆಯಾಳುಗಳಿಗೆ ಹಾಕಲು ಅನ್ನ ಸಾಲದು, ಬ್ರಿಟಿಷರ ಜೊತೆ ಕೈದಿಗಳ ವಿನಿಮಯವೂ ಕುದುರಲಿಲ್ಲ. 1782ರ ಆಗಸ್ಟ್‌ನಲ್ಲಿ ಕಡಲೂರಿನಲ್ಲಿ ಅವರನ್ನು ಹೈದರನ ಕಡೆಯವರಿಗೆ ಒಪ್ಪಿಸಿಬಿಟ್ಟ. ಅವರಲ್ಲಿ ಹ್ಯಾನಿಬಲ್‌ನವರೂ ಇದ್ದರು. ಆ ಹಡಗಿನಲ್ಲಿದ್ದ ಹುಡುಗ ಜೇಮ್ಸ್ ಸ್ಕರಿ ಬೆಂಗಳೂರು ದಾಟಿ ಶ್ರೀರಂಗಪಟ್ಟಣ ಸೇರಿದ. ಟಿಪ್ಪುವಿನ ಕಾಲದಲ್ಲೂ ಸೆರೆಯಲ್ಲೇ ಬೆಳೆದ. ಸುಮಾರು ಹತ್ತು ವರ್ಷ ಸೆರೆಯಲ್ಲಿದ್ದು, ಆಮೇಲೆ ತಪ್ಪಿಸಿಕೊಂಡ. ಹಡಗು ಪ್ರೈಜ್, ಹುಡುಗ ಪ್ರಿಸನರ್. ಇದನ್ನೆಲ್ಲ ಬರೆದು 'ಬಹುಮಾನವಾಗಿ ಪಡೆದರು' ಎಂದು ಮುಗಿಸಿದರೆ ನನಗೆ ನಿಜವಾಗಿ ಬೇಸರವಾಗುತ್ತದೆ.

ಇನ್ನೊಂದು ಗೊಂದಲ. ಸೋತು ಶರಣಾದ ಹಡಗುಗಳೆಲ್ಲ ಪ್ರೈಜ್ ಆಗುವುದಿಲ್ಲ. 'ಜಾವಾ' ಎಂಬ ಹಡಗು ಮೊದಲು ಫ್ರೆಂಚರ 'ರೆನೊಮ್ಮೆ'. 1811ರಲ್ಲಿ ಬ್ರಿಟಿಷರು ಮಡಗಾಸ್ಕರ್ ಬಳಿ ಅದನ್ನು ಹಿಡಿದು, ಹೆಸರು ಬದಲಿಸಿ ಬಳಸಿಕೊಂಡರು. ಆಗ ಅದು ಸರಿಯಾದ ಸೆರೆಹಡಗು. ಮರುವರ್ಷ ಅದು ಬಾಂಬೆಗೆ ಹೊರಟಿತ್ತು. 1812ರ ಡಿಸೆಂಬರ್ 29ರಂದು ಬ್ರೆಜಿಲ್ ಕಡಲಲ್ಲಿ ಅಮೆರಿಕದ 'ಕಾನ್‌ಸ್ಟಿಟ್ಯೂಷನ್' ಹಡಗಿಗೆ ಶರಣಾಯಿತು. ಜಾವಾ ಎಷ್ಟು ಜಖಂ ಆಗಿತ್ತೆಂದರೆ ಅಮೆರಿಕದ ನಾಯಕ ಬೈನ್‌ಬ್ರಿಜ್ ಅದನ್ನು ಬಂದರಿಗೆ ಒಯ್ಯುವ ಯೋಚನೆ ಬಿಟ್ಟು ಸುಟ್ಟುಹಾಕಿದ. ಮಾರಲು ಹಡಗೇ ಉಳಿಯಲಿಲ್ಲ, ಹಾಗಾಗಿ ಹಂಚಿಕೊಳ್ಳಲು ಪ್ರೈಜ್ ಹಣವೂ ಇಲ್ಲ. ಅದರ ಬದಲಿಗೆ ಅಮೆರಿಕದ ಕಾಂಗ್ರೆಸ್ ಗೆದ್ದ ನಾವಿಕರಿಗೆ 50,000 ಡಾಲರ್ ಮಂಜೂರು ಮಾಡಿತು. ಆ ಹಣಕ್ಕೆ ಬೇಕಾದರೆ ಬಹುಮಾನ ಅನ್ನಿ.