ಕಂಪ್ಯೂಟರ್ ತಣ್ಣಗಿರಲಿ, ಸದ್ದು ಮಾಡದಿರಲಿ

ಬ್ರೌಸರ್‌ನಲ್ಲಿ ಹೊಸದೊಂದು ಟ್ಯಾಬ್ ತೆರೆದರೆ ಸಾಕು, ಮೇಜಿನ ಕೆಳಗಿಂದ ‘ಭುಸ್’ ಅಂತ ಸದ್ದು. ನಾಲ್ಕು ಕ್ಷಣ ಕಳೆದರೆ ಮತ್ತೆ ತೆಪ್ಪಗೆ. ಇನ್ನೊಂದು ಟ್ಯಾಬ್, ಇನ್ನೊಂದು ಭುಸ್. ಒಂದೇ ಸಮನೆ ಗುಂಯ್‌ಗುಡುವ ಫ್ಯಾನನ್ನು ಕಿವಿ ಹೇಗೋ ಸಹಿಸಿಕೊಳ್ಳುತ್ತದೆ, ಸ್ವಲ್ಪ ಹೊತ್ತಿಗೆ ಮರೆತೂ ಬಿಡುತ್ತದೆ. ಏರಿ ಇಳಿಯುವ ಫ್ಯಾನು ಹಾಗಲ್ಲ. ಪ್ರತಿ ಸಲವೂ ಹೆಗಲು ತಟ್ಟಿ ಕರೆದಂತೆ ಆಗುತ್ತದೆ. ನನ್ನ ಹಳೆಯ ಡೆಸ್ಕ್‌ಟಾಪ್ ವರ್ಷಗಟ್ಟಲೆ ಹೀಗೆ ಬುಸುಗುಟ್ಟುತ್ತಿತ್ತು. ಅದರಲ್ಲಿದ್ದದ್ದು ಪ್ರೊಸೆಸರ್ ಜೊತೆ ಡಬ್ಬಿಯಲ್ಲೇ ಬಂದಿದ್ದ ಪುಟ್ಟ ಹೀಟ್‌ಸಿಂಕ್, ಅಂದರೆ ಪ್ರೊಸೆಸರ್ ಚಿಪ್ಪಿನ ಬಿಸಿಯನ್ನು ಗಾಳಿಗೆ ದಾಟಿಸುವ ಲೋಹದ ತಗಡುಗಳ ಕಟ್ಟು. ಅದನ್ನು ಬದಲಿಸಲು ಹೊರಟಾಗ ನಾನು ಹುಡುಕುತ್ತಿದ್ದದ್ದು ‘ತುಂಬ ತಣ್ಣಗಿಡುವ’ ಹೀಟ್‌ಸಿಂಕನ್ನು. ಹುಡುಕಬೇಕಾಗಿದ್ದದ್ದು ಬೇರೆಯೇ ಗುಣವನ್ನು ಅಂತ ಆಮೇಲೆ ತಿಳಿಯಿತು.

ಕೊಳ್ಳುವ ಮೊದಲು ಒಂದು ಸಣ್ಣ ತನಿಖೆ ಮಾಡಿ. ಕಂಪ್ಯೂಟರಿನೊಳಗೆ ಗಲಾಟೆ ಮಾಡುವವರು ಹಲವರಿದ್ದಾರೆ. ಪವರ್ ಸಪ್ಲೈ ಫ್ಯಾನ್, ಗ್ರಾಫಿಕ್ಸ್ ಕಾರ್ಡಿನ ಫ್ಯಾನ್, ಕ್ಯಾಬಿನೆಟ್ ಫ್ಯಾನ್, ಹಾರ್ಡ್ ಡಿಸ್ಕ್. ತಪ್ಪಿತಸ್ಥ ಯಾರು ಅಂತ ಗೊತ್ತಿಲ್ಲದೆ ಸಿಪಿಯು (ಪ್ರೊಸೆಸರ್) ಹೀಟ್‌ಸಿಂಕ್ ತಂದರೆ ದುಡ್ಡು ದಂಡ. ದಪ್ಪ ಕಾಗದವೊಂದನ್ನು ಕೊಳವೆಯಂತೆ ಸುತ್ತಿ. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಒಂದೊಂದೇ ಫ್ಯಾನಿನ ಹತ್ತಿರಕ್ಕೆ. ರೆಕ್ಕೆಗೆ ತಾಗಬಾರದು ಅಷ್ಟೇ. ಸದ್ದು ಎಲ್ಲಿಂದ ಬರುತ್ತಿದೆ ಅನ್ನುವುದು ತಕ್ಷಣ ಗೊತ್ತಾಗುತ್ತದೆ. ಹಾಗೇ ಫ್ಯಾನನ್ನು ಬಿಚ್ಚಿ ಹಿಂದೆ ಇಣುಕಿ ನೋಡಿ. ನನ್ನದರಲ್ಲಿ ಧೂಳು ಕಂಬಳಿಯ ತುಂಡಿನಂತೆ ಹೆಣೆದುಕೊಂಡು ಕೂತಿತ್ತು. ಉಗುರಿನಿಂದ ಎತ್ತಿದರೆ ಒಂದೇ ಹಾಳೆಯಾಗಿ ಬಂತು! ಎಷ್ಟೋ ಸಲ ಅದನ್ನು ತೆಗೆದರೆ ಕಥೆ ಅಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಲೆಕ್ಕಕ್ಕೆ ಇಳಿಯಬೇಕು. ಹಳೇ ಕಾಲದ 100 ವಾಟ್ ಬಲ್ಬನ್ನು ಉರಿಯುವಾಗ ಮುಟ್ಟಲು ಯಾರೂ ಹೋಗುತ್ತಿರಲಿಲ್ಲ, ಅಲ್ವಾ? ಅಷ್ಟೇ ಬಿಸಿ ಹೆಬ್ಬೆರಳ ಉಗುರಿನಷ್ಟು ಸಿಲಿಕಾನ್ ತುಣುಕಿನಿಂದ ಹೊರಡುತ್ತದೆ ಅಂದುಕೊಳ್ಳಿ. ಇವತ್ತಿನ ಸಾಧಾರಣ ಡೆಸ್ಕ್‌ಟಾಪ್ ಪ್ರೊಸೆಸರುಗಳು 65ರಿಂದ 125 ವಾಟ್ ಶ್ರೇಣಿಯವು. ಇಂಟೆಲ್ ಕೋರ್ ಐ9-13900ಕೆಯಂಥ ದೈತ್ಯರು ಪೂರ್ತಿ ದುಡಿಯುವಾಗ 253 ವಾಟ್ ತನಕ ಹೋಗುತ್ತಾರೆ. ಈ ಬಿಸಿಯನ್ನು ಉಗುರಿನಷ್ಟು ಜಾಗದಿಂದ ಎತ್ತಿ, ಅಗಲವಾಗಿ ಹರಡಿ, ಗಾಳಿಗೆ ಕೊಡುವುದೇ ಹೀಟ್‌ಸಿಂಕಿನ ಕೆಲಸ.

ಕೊಡುವುದೇ ಕಷ್ಟ. ಬಿಸಿ ಹರಿಯುವ ವಿಷಯದಲ್ಲಿ ಗಾಳಿ ಮಹಾ ಸೋಮಾರಿ. ತಾಮ್ರಕ್ಕೆ ಹೋಲಿಸಿದರೆ ಅದರ ಉಷ್ಣವಾಹಕತೆ ಸುಮಾರು 15,000 ಪಟ್ಟು ಕಡಿಮೆ. ಅದಕ್ಕೇ ಗಾಳಿಗೆ ತಾಗುವ ಮೈಯನ್ನು ಹಿಗ್ಗಿಸಬೇಕು. 12 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲದ 45 ತೆಳು ತಗಡುಗಳನ್ನು ಒಂದರ ಮೇಲೊಂದು ಜೋಡಿಸಿದ ಗೋಪುರವನ್ನು ಊಹಿಸಿಕೊಳ್ಳಿ. ಎರಡೂ ಬದಿ ಸೇರಿಸಿದರೆ ಅರ್ಧ ಚದರ ಮೀಟರಿಗಿಂತ ಜಾಸ್ತಿ ಜಾಗ ಸಿಕ್ಕಿತು. ಒಂದು ಓದುವ ಮೇಜಿನ ಹಲಗೆಯಷ್ಟು ಮೈ ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರದೊಳಗೆ.

ಆದರೆ ಮೇಲಿನ ತಗಡಿಗೆ ಬಿಸಿ ತಲುಪುವುದು ಹೇಗೆ? ಗಟ್ಟಿ ತಾಮ್ರದ ಕಂಬ ನಿಲ್ಲಿಸಿದರೂ ಬುಡ ಸುಡುತ್ತಿರುತ್ತದೆ, ತುದಿ ಬೆಚ್ಚಗಾಗಿರುತ್ತದೆ ಅಷ್ಟೇ. ಇಲ್ಲಿ ನನಗೆ ತುಂಬ ಇಷ್ಟವಾದ ಉಪಾಯವೊಂದಿದೆ. ಗೋಪುರದ ಹೀಟ್‌ಸಿಂಕುಗಳಲ್ಲಿ ತಗಡುಗಳನ್ನು ತೂರಿಕೊಂಡು ಹೋಗುವ ಪೆನ್ಸಿಲ್ ದಪ್ಪದ ತಾಮ್ರದ ಕೊಳವೆಗಳಿರುತ್ತವಲ್ಲ, ಅವೇ ಹೀಟ್ ಪೈಪುಗಳು. ಒಳಗಿನ ಗಾಳಿಯನ್ನೆಲ್ಲ ಹೊರತೆಗೆದು, ಚೂರೇ ಚೂರು ನೀರು ಹಾಕಿ ಎರಡೂ ತುದಿ ಮುಚ್ಚಿರುತ್ತಾರೆ. ಒತ್ತಡ ಅಷ್ಟು ಕಡಿಮೆಯಿದ್ದಾಗ ನೀರು ಕುದಿಯಲು 100 ಡಿಗ್ರಿ ಬೇಕಿಲ್ಲ, ಕೈಗೆ ಬೆಚ್ಚಗೆ ತಾಗುವಷ್ಟು ಬಿಸಿ ಸಾಕು. ಬುಡದಲ್ಲಿ ಆವಿಯಾದ ನೀರು ತುದಿಗೆ ಓಡುತ್ತದೆ. ಅಲ್ಲಿ ತಗಡಿಗೆ ಬಿಸಿ ಒಪ್ಪಿಸಿ ಮತ್ತೆ ನೀರಾಗುತ್ತದೆ. ಒಳಗೋಡೆಗೆ ಹಚ್ಚಿದ ತಾಮ್ರದ ಪುಡಿಯ ಪದರ, ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ, ಆ ನೀರನ್ನು ಹೀರಿ ಬುಡಕ್ಕೆ ತರುತ್ತದೆ. ಪಂಪಿಲ್ಲ, ಮೋಟರಿಲ್ಲ, ಸದ್ದಂತೂ ಇಲ್ಲವೇ ಇಲ್ಲ. ಅಮೆರಿಕದ ಗಾಗ್ಲರ್ ಎಂಬ ಎಂಜಿನಿಯರ್‌ಗೆ 1944ರಲ್ಲೇ ಇಂಥದ್ದೊಂದಕ್ಕೆ ಪೇಟೆಂಟ್ ಸಿಕ್ಕಿತ್ತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 1963ರಲ್ಲಿ ಲಾಸ್ ಅಲಮಾಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ತಾವಾಗಿಯೇ ಮತ್ತೆ ಕಂಡುಹಿಡಿದರು. ‘ಹೀಟ್ ಪೈಪ್’ ಅನ್ನುವ ಹೆಸರು ಬಂದದ್ದು ಅವರಿಂದಲೇ. ಬಾಹ್ಯಾಕಾಶಕ್ಕೆ ಹೋಗಿಬಂದ ತಂತ್ರ ಈಗ ನಮ್ಮ ಮೇಜಿನ ಕೆಳಗೆ ಕೂತಿದೆ.

ಇನ್ನು ಫ್ಯಾನು. ಸದ್ದಿನ ಗುಟ್ಟೆಲ್ಲ ಇರುವುದು ಇಲ್ಲಿ.

ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಗಾಳಿಯೂ ಅರ್ಧವಾಗುತ್ತದೆ. ಅದು ಸರಳ. ಸದ್ದು ಮಾತ್ರ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಅದು ವೇಗದ ಸುಮಾರು ಐದನೇ ಘಾತದಲ್ಲಿ ಇಳಿಯುತ್ತದೆ. ಅಂದರೆ ಅರ್ಧ ವೇಗಕ್ಕೆ 15 ಡೆಸಿಬೆಲ್ ಕಡಿಮೆ. ನಮ್ಮ ಕಿವಿಗೆ 10 ಡೆಸಿಬೆಲ್ ಇಳಿದರೆ ಸದ್ದು ಅರ್ಧವಾದಂತೆ ಕೇಳಿಸುತ್ತದೆ. 15 ಇಳಿದರೆ ಮೂರರಲ್ಲಿ ಒಂದು ಪಾಲು ಉಳಿಯಿತು ಅನ್ನಬಹುದು. ಗಾಳಿ ಅರ್ಧ ಬಿಟ್ಟುಕೊಟ್ಟು ಸದ್ದನ್ನು ಮೂರನೇ ಒಂದಕ್ಕೆ ಇಳಿಸುವುದು ಒಳ್ಳೆಯ ವ್ಯಾಪಾರ ತಾನೇ? ನೀವು ದೊಡ್ಡ ಹೀಟ್‌ಸಿಂಕಿಗೆ ದುಡ್ಡು ಕೊಡುವುದು ಈ ವ್ಯಾಪಾರಕ್ಕಾಗಿ. ನಿಮ್ಮ ಚಿಪ್ಪಿಗೆ ಬೇಕಾದುದಕ್ಕಿಂತ ಒಂದು ಗಾತ್ರ ದೊಡ್ಡದನ್ನು ತನ್ನಿ, ಆಮೇಲೆ ಅದರ ಫ್ಯಾನನ್ನು ನಿಧಾನಕ್ಕೆ ತಿರುಗಲು ಬಿಡಿ. ಚಿಪ್ಪು 55 ಡಿಗ್ರಿಯಲ್ಲೇ ಇರಬೇಕು ಅನ್ನುವ ಹಟ ಬೇಡ. ಇಂಟೆಲ್‌ನ ಹಲವು ಚಿಪ್ಪುಗಳ ಮಿತಿ 100 ಡಿಗ್ರಿ. ಅದರ ಪ್ರತಿಸ್ಪರ್ಧಿ ಕಂಪನಿ ಎಎಂಡಿಯ ರೈಜನ್ 9 7950ಎಕ್ಸ್ ಪೂರ್ತಿ ದುಡಿಯುವಾಗ 95 ಡಿಗ್ರಿ ಮುಟ್ಟುವಂತೆಯೇ ರೂಪಿಸಲ್ಪಟ್ಟಿದೆ. ಭಾರೀ ಕೆಲಸದಲ್ಲಿ 75, 80 ಬಂದರೆ ನಾನಂತೂ ತಲೆ ಕೆಡಿಸಿಕೊಳ್ಳುವುದಿಲ್ಲ.

ನಿಧಾನ ಫ್ಯಾನಿಗೆ ಎಲ್ಲ ಹೀಟ್‌ಸಿಂಕೂ ಹೊಂದುವುದಿಲ್ಲ, ಇದನ್ನು ಗಮನಿಸಿ. ವೇಗ ಅರ್ಧವಾದರೆ ಫ್ಯಾನು ಗಾಳಿಯನ್ನು ತಳ್ಳುವ ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ. ತಗಡುಗಳು ಒತ್ತೊತ್ತಾಗಿದ್ದರೆ ಆ ದುರ್ಬಲ ಗಾಳಿ ಒಳಗೆ ನುಗ್ಗದೆ ಪಕ್ಕದಿಂದ ಜಾರಿಕೊಳ್ಳುತ್ತದೆ. ಹೀಟ್‌ಸಿಂಕನ್ನು ಕಣ್ಣೆದುರು ಬೆಳಕಿಗೆ ಹಿಡಿದು ನೋಡಿ. ತಗಡುಗಳ ನಡುವೆ ಎರಡು ಮಿಲಿಮೀಟರಿನಷ್ಟು ಸಂದು ಸಲೀಸಾಗಿ ಕಂಡರೆ ಅದು ನಿಧಾನ ಗಾಳಿಗೆ ಹೇಳಿ ಮಾಡಿಸಿದ್ದು. ಬೆಳಕೇ ಕಷ್ಟಪಟ್ಟು ಬರುತ್ತಿದ್ದರೆ ಅದು ಜೋರು ಫ್ಯಾನನ್ನು ಬೇಡುವ ಜಾತಿ.

ಸದ್ದಿನ ಪ್ರಮಾಣವಷ್ಟೇ ಅಲ್ಲ, ಸ್ವರವೂ ಕಾಡುತ್ತದೆ. ಏಳು ರೆಕ್ಕೆಯ ಪುಟ್ಟ ಫ್ಯಾನು ನಿಮಿಷಕ್ಕೆ 4000 ಸುತ್ತು ಹಾಕಿದರೆ ಸೆಕೆಂಡಿಗೆ ಸುಮಾರು 467 ಸಲ ಗಾಳಿಯನ್ನು ಬಡಿಯುತ್ತದೆ. ಸ್ಪಷ್ಟವಾದ ಕೊರೆಯುವ ಸ್ವರ ಅದು. ಒಂಬತ್ತು ರೆಕ್ಕೆಯ ದೊಡ್ಡ ಫ್ಯಾನು 700 ಸುತ್ತಿನಲ್ಲಿ ಬಡಿಯುವುದು ಸೆಕೆಂಡಿಗೆ 105 ಸಲ. ಇಂಥ ತಗ್ಗು ಸ್ವರಕ್ಕೆ ನಮ್ಮ ಕಿವಿ ಮಂದ, ರೂಮಿನ ಬೇರೆ ಸದ್ದಿನಲ್ಲಿ ಅದು ಕರಗಿಹೋಗುತ್ತದೆ. ಹಾಗಾಗಿ 80 ಅಥವಾ 92 ಮಿಲಿಮೀಟರ್ ಫ್ಯಾನಿಗಿಂತ 120 ಅಥವಾ 140ರದ್ದು ವಾಸಿ. ಬೇರಿಂಗ್ ವಿಷಯ ಚಿಕ್ಕದು: ದ್ರವದ (ಫ್ಲೂಯಿಡ್) ಬೇರಿಂಗ್ ಅಂತ ಬರೆದಿದ್ದರೆ ತಗೊಳ್ಳಿ. ಬಾಲ್ ಬೇರಿಂಗ್ ಬಾಳಿಕೆ ಬರುತ್ತದೆ, ಆದರೆ ವಯಸ್ಸಾದಂತೆ ಗೊಣಗುತ್ತದೆ.

ಡಬ್ಬಿಯ ಮೇಲಿನ ಡೆಸಿಬೆಲ್ ಅಂಕಿಯನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಲಿಸಬೇಡಿ. ಮೈಕ್ ಎಷ್ಟು ದೂರ ಇಟ್ಟಿದ್ದರು ಅನ್ನುವುದರ ಮೇಲೆ ಅದು ನಿಂತಿರುತ್ತದೆ. ದೂರ ಎರಡು ಪಟ್ಟಾದರೆ ಸುಮ್ನೆ 6 ಡೆಸಿಬೆಲ್ ಉಳಿತಾಯ! ವಿಮರ್ಶೆ ಓದುವಾಗ ಎಲ್ಲ ಹೀಟ್‌ಸಿಂಕುಗಳ ಸದ್ದನ್ನೂ ಒಂದೇ ಮಟ್ಟಕ್ಕೆ ತಂದು ಆಗ ಎಷ್ಟು ಬಿಸಿ ಬಂತು ಅಂತ ಅಳೆದಿರುವ ಪಟ್ಟಿಯನ್ನು ಹುಡುಕಿ. ಫುಲ್ ಸ್ಪೀಡಿನ ಪಟ್ಟಿ ನಮಗೆ ಬೇಡ.

ಹೆಸರು ಹೇಳಿ ಅನ್ನುವವರಿಗೆ: ಆಸ್ಟ್ರಿಯಾದ ನಾಕ್ಟುವಾ ಕಂಪನಿ 2014ರಲ್ಲಿ ತಂದ ಎನ್‌ಎಚ್-ಡಿ15 ಈ ವರ್ಗದ ಹಿರಿಯಣ್ಣ. ಎರಡು ಗೋಪುರ, 140ರ ಎರಡು ಫ್ಯಾನು. ಥರ್ಮಲ್‌ರೈಟ್‌ನ ಪೀರ್‌ಲೆಸ್ ಅಸಾಸಿನ್ 120 ಕೂಡ ಜೋಡಿ ಗೋಪುರವೇ, ಬೆಲೆಯಲ್ಲಿ ಮಾತ್ರ ಬಹಳ ಕೆಳಗಿದೆ. 65 ವಾಟಿನ ಚಿಪ್ಪಾದರೆ ನಾಲ್ಕು ಪೈಪಿನ ಒಂಟಿ ಗೋಪುರ ಧಾರಾಳವಾಯಿತು. ಫ್ಯಾನೇ ಇಲ್ಲದ ಹೀಟ್‌ಸಿಂಕುಗಳೂ ಇವೆ, ನೋಡಲು ಚೆಂದ. ಆದರೆ ಮುಚ್ಚಿದ ಕ್ಯಾಬಿನೆಟ್‌ನಲ್ಲಿ ಬಿಸಿ ಚಿಪ್ಪಿಗೆ ಅವು ಸಾಲವು. ನೀರಿನ ಕೂಲರ್? ಅಲ್ಲೂ ಕೊನೆಗೆ ಗಾಳಿ ಬೀಸುವುದು ಫ್ಯಾನೇ, ಜೊತೆಗೆ ನಿಲ್ಲದೆ ಓಡುವ ಪಂಪು ಬೇರೆ. ಮೌನವೇ ಗುರಿಯಾದರೆ ನನ್ನ ಓಟು ಗಾಳಿಗೆ.

ತರುವ ಮುಂಚೆ ಅಳತೆ ಪಟ್ಟಿ ಹಿಡಿದು ಕೂರಿ. ಎನ್‌ಎಚ್-ಡಿ15ರ ಎತ್ತರ 165 ಮಿಲಿಮೀಟರ್. ಅಷ್ಟು ಜಾಗವಿಲ್ಲದ ಕ್ಯಾಬಿನೆಟ್ ಎಷ್ಟೋ ಇವೆ. ಮುಂದಿನ ಫ್ಯಾನು ಎತ್ತರದ ರ‍್ಯಾಮ್ ಮೇಲೆ ಕೂರುವುದೂ ಉಂಟು. ಒಂದು ಕಿಲೋ ದಾಟಿದ ಹೀಟ್‌ಸಿಂಕನ್ನು ಕಂಪ್ಯೂಟರ್ ದೂರ ಸಾಗಿಸುವಾಗ ಬಿಚ್ಚಿಡುವುದೇ ಕ್ಷೇಮ.

ಕೂರಿಸುವಾಗ ನಾನು ಮಾಡಿದ ಎಡವಟ್ಟನ್ನೂ ಹೇಳಿಬಿಡುತ್ತೇನೆ. ಥರ್ಮಲ್ ಪೇಸ್ಟನ್ನು ಬಟಾಣಿ ಗಾತ್ರಕ್ಕೆ ಇಟ್ಟೆ, ಸ್ಕ್ರೂಗಳನ್ನು ಒಂದಾದ ಮೇಲೊಂದು ಸಮನಾಗಿ ಬಿಗಿದೆ, ಹೆಮ್ಮೆಯಿಂದ ಚಾಲೂ ಮಾಡಿದೆ. ಐದೇ ನಿಮಿಷದಲ್ಲಿ 90 ಡಿಗ್ರಿ. ಬಿಚ್ಚಿ ನೋಡಿದರೆ ಹೀಟ್‌ಸಿಂಕಿನ ತಳಕ್ಕೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು, ‘ತೆಗೆಯಿರಿ’ ಅಂತ ದಪ್ಪಕ್ಷರದಲ್ಲಿ ಬರೆದುಕೊಂಡು. ಎರಡು ಲೋಹಗಳ ನಡುವಿನ ಕಣ್ಣಿಗೆ ಕಾಣದ ಸಂದುಗಳಿಂದ ಗಾಳಿಯನ್ನು ಓಡಿಸಲು ಪೇಸ್ಟ್ ಹಚ್ಚುವುದು. ನಾನು ಪೇಸ್ಟೂ ಹಚ್ಚಿ, ಮೇಲೊಂದು ಹೊದಿಕೆಯನ್ನೂ ಹೊದಿಸಿದ್ದೆ.

ಹಾಳೆ ಕಿತ್ತ ಮೇಲೆ ಬಿಸಿ ಇಳಿಯಿತು. ಆದರೆ ಟ್ಯಾಬ್ ತೆರೆದಾಗಿನ ಆ ಭುಸ್? ತಗ್ಗಿತ್ತು, ಹೋಗಿರಲಿಲ್ಲ. ಕಾರಣ ಹೀಟ್‌ಸಿಂಕಿನಲ್ಲಿರಲಿಲ್ಲ. ಚಿಪ್ಪಿನೊಳಗಿನ ಸಿಲಿಕಾನ್ ತೆಳು, ಹಗುರ. ಕೆಲಸ ಬಿದ್ದ ಕ್ಷಣಾರ್ಧದಲ್ಲಿ ಅದರ ಬಿಸಿ 40ರಿಂದ 65ಕ್ಕೆ ನೆಗೆಯುತ್ತದೆ. ಮದರ್‌ಬೋರ್ಡ್ ಅದನ್ನು ನೋಡಿ ಗಾಬರಿಬಿದ್ದು ಫ್ಯಾನನ್ನು ಓಡಿಸುತ್ತದೆ. ಆದರೆ ಹೊರಗಿನ ಹೀಟ್‌ಸಿಂಕ್‌ಗೆ ಆಗಿರುವುದೇನು? 700 ಗ್ರಾಂ ಅಲ್ಯೂಮಿನಿಯಂ ಒಂದು ಡಿಗ್ರಿ ಏರಲು ಸುಮಾರು 630 ಜೂಲ್ ಶಕ್ತಿ ಬೇಕು. 100 ವಾಟಿನ ಚಿಪ್ಪು ಐದು ಸೆಕೆಂಡಿನಲ್ಲಿ ಕೊಡುವುದು 500 ಜೂಲ್. ಅಂದರೆ ಒಂದು ಡಿಗ್ರಿಯೂ ಏರಿಲ್ಲ! ಬೆಚ್ಚಗೇ ಆಗದ ತಗಡಿಗೆ ಜೋರು ಗಾಳಿ ಬೀಸಿ ಏನು ಪ್ರಯೋಜನ?

ಮದ್ದು ಬಯಾಸ್‌ನಲ್ಲೇ ಇದೆ, ಅಂದರೆ ಕಂಪ್ಯೂಟರ್ ಚಾಲೂ ಆಗುವಾಗ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್ಸ್‌ನಲ್ಲಿ. ಫ್ಯಾನ್ ಕಂಟ್ರೋಲ್ ಪುಟದಲ್ಲಿ ವೇಗ ಏರಿಸುವ ಮುನ್ನ ಕಾಯಬೇಕಾದ ಸಮಯವನ್ನು ಕೇಳುವ ಜಾಗ ಬಹಳಷ್ಟು ಬೋರ್ಡುಗಳಲ್ಲಿರುತ್ತದೆ. ಐದರಿಂದ ಹತ್ತು ಸೆಕೆಂಡ್ ಕೊಡಿ. ಎಷ್ಟು ಬಿಸಿಗೆ ಫ್ಯಾನಿನ ವೇಗ ಎಷ್ಟು ಅಂತ ತೋರಿಸುವ ಗೆರೆಯೊಂದು ಅಲ್ಲಿರುತ್ತದೆ, ಅದನ್ನು 65 ಡಿಗ್ರಿ ತನಕ ಚಪ್ಪಟೆಯಾಗಿ ಎಳೆಯಿರಿ, ಆಮೇಲೆ ಮೆಲ್ಲಗೆ ಏರಿಸಿ. ಇನ್ನೂ ಬೇಕೆಂದರೆ ಚಿಪ್ಪಿನ ವಿದ್ಯುತ್ ಮಿತಿಯನ್ನೇ ತಗ್ಗಿಸಬಹುದು. ಎಎಂಡಿ ಇದಕ್ಕೆ ‘ಇಕೋ ಮೋಡ್’ ಅನ್ನುತ್ತದೆ. 105 ವಾಟ್ ಶ್ರೇಣಿಯ ಚಿಪ್ಪು ಆಗ 65ರ ಶ್ರೇಣಿಯದರಂತೆ ನಡೆದುಕೊಳ್ಳುತ್ತದೆ. ವೇಗ ಏರಿಸಲು ವೋಲ್ಟೇಜನ್ನೂ ಏರಿಸಬೇಕು, ಚಿಪ್ಪು ನುಂಗುವ ವಿದ್ಯುತ್ತೋ ವೋಲ್ಟೇಜಿನ ವರ್ಗದಂತೆ ಏರುವುದರಿಂದ, ಕೊನೆಯ ಚೂರು ವೇಗಕ್ಕೆ ತೆರುವ ಬಿಸಿ ವಿಪರೀತ. ಅದನ್ನು ಬಿಟ್ಟುಕೊಟ್ಟರೆ ದಿನದ ಕೆಲಸದಲ್ಲಿ ವ್ಯತ್ಯಾಸ ಗೊತ್ತಾಗುವುದೂ ಕಷ್ಟ.

ನನ್ನ ಫ್ಯಾನು ಈಗ 600 ಸುತ್ತಿನ ಆಸುಪಾಸಿನಲ್ಲಿದೆ, ಟ್ಯಾಬ್ ತೆರೆದರೂ ಕದಲುವುದಿಲ್ಲ. ಅದು ಸುಮ್ಮನಾದ ಮೇಲೆ ಇನ್ನೊಂದು ಸದ್ದು ಹೊರಬಂತು: ಉದ್ದದ ಪುಟವನ್ನು ಮೇಲೆ ಕೆಳಗೆ ಸರಿಸುವಾಗ ಸಣ್ಣಗೆ ‘ಕಿರ್ ಕಿರ್’. ಕಾಗದದ ಕೊಳವೆ ಹಿಡಿದು ಹುಡುಕಿದೆ. ಗ್ರಾಫಿಕ್ಸ್ ಕಾರ್ಡಿನ ಕಾಯಿಲ್, ವಿದ್ಯುತ್ತು ಏರಿಳಿದಾಗ ಅದರ ತಂತಿ ಸುರುಳಿಯೇ ಕಂಪಿಸುತ್ತದೆ. ಅದಕ್ಕೆ ಯಾವ ಹೀಟ್‌ಸಿಂಕೂ ಮದ್ದಲ್ಲ. ಸದ್ಯಕ್ಕೆ ಕ್ಯಾಬಿನೆಟ್ಟನ್ನು ಮೇಜಿನ ಆಚೆ ಬದಿಗೆ ಸರಿಸಿಟ್ಟಿದ್ದೇನೆ.