ಮಗು ಸದ್ಯಕ್ಕೆ ಬೇಡವೆಂದಾಗ ಮಾತ್ರೆಗೂ ದಿನ ನೋಡುವುದಕ್ಕೂ ಏನು ವ್ಯತ್ಯಾಸ?

ಪ್ರಶ್ನೆ: ನಮ್ಮ ಮದುವೆಯಾಗಿ ಎಂಟು ತಿಂಗಳಾಯಿತು. ಯಜಮಾನರಿಗೆ ಪಾಳಿ ಕೆಲಸ. ನನ್ನ ಬಿ.ಇಡಿ. ಮುಗಿಯುವವರೆಗೆ ಮಗು ಬೇಡವೆಂದುಕೊಂಡಿದ್ದೇವೆ. ಮಾತ್ರೆ ತಪ್ಪು, ದಿನ ನೋಡಿ ದೂರವಿರುವುದು ಸರಿ ಎಂದು ಚರ್ಚಿನ ಮದುವೆ ಪೂರ್ವ ತರಬೇತಿಯಲ್ಲಿ ಹೇಳಿದ್ದರು. ಎರಡರ ಉದ್ದೇಶವೂ ಒಂದೇ ಅಲ್ಲವೇ? ಮುಟ್ಟಿನ ಏರುಪೇರಿಗೆಂದು ಡಾಕ್ಟರು ಅದೇ ಮಾತ್ರೆ ಬರೆದುಕೊಟ್ಟರೆ ಏನು ಮಾಡಬೇಕು?
– ಓದುಗರೊಬ್ಬರು, ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಉದ್ದೇಶ ಒಂದೇ ಇರಬಹುದೆಂಬುದನ್ನು ಧರ್ಮಸಭೆ, ಅಂದರೆ ಕಥೋಲಿಕ ಚರ್ಚು, ಅಲ್ಲಗಳೆದಿಲ್ಲ. ಪೋಪ್ ಆರನೇ ಪೌಲರು 1968ರ ಜುಲೈ 25ರಂದು ಹೊರಡಿಸಿದ ‘ಹುಮಾನೆ ವೀತೆ’ ವಿಶ್ವಪತ್ರದ (ಪೋಪರು ಇಡೀ ಸಭೆಗೆ ಬರೆಯುವ ಬೋಧನಾ ಪತ್ರ) 16ನೇ ಪರಿಚ್ಛೇದವೇ, ಎರಡೂ ಬಗೆಯ ದಂಪತಿಗಳು ಸಕಾರಣವಾಗಿ ಮಗು ಬೇಡವೆಂದು ನಿಶ್ಚಯಿಸಿರುತ್ತಾರೆಂಬುದನ್ನು ಒಪ್ಪಿಕೊಂಡು ಮುಂದುವರಿಯುತ್ತದೆ. ವ್ಯತ್ಯಾಸವಿರುವುದು ಬಯಕೆಯಲ್ಲಲ್ಲ, ಮಾಡುವ ಕ್ರಿಯೆಯಲ್ಲಿ.

ಗಂಡಹೆಂಡಿರ ಕೂಡುವಿಕೆಗೆ ಎರಡು ಅರ್ಥಗಳಿವೆ ಎಂದು ಅದೇ ಪತ್ರದ 12ನೇ ಪರಿಚ್ಛೇದ ಹೇಳುತ್ತದೆ: ಅದು ಇಬ್ಬರನ್ನೂ ಒಂದುಗೂಡಿಸುತ್ತದೆ, ಹೊಸ ಜೀವಕ್ಕೆ ಬಾಗಿಲು ತೆರೆದಿಡುತ್ತದೆ. ಇವೆರಡನ್ನು ಮನುಷ್ಯ ತನ್ನಿಚ್ಛೆಯಿಂದ ಬೇರ್ಪಡಿಸಬಾರದು ಎಂಬುದು ಬೋಧನೆಯ ತಿರುಳು. ಪೋಪ್ ಎರಡನೇ ಜಾನ್ ಪೌಲರು 1979ರಿಂದ 1984ರವರೆಗೆ ಬುಧವಾರದ ಉಪದೇಶಗಳಲ್ಲಿ ಇದನ್ನೇ ಬಿಡಿಸಿ ಹೇಳುತ್ತ, ದೇಹಕ್ಕೂ ಒಂದು ಭಾಷೆಯಿದೆ, ‘ನನ್ನನ್ನು ಪೂರ್ತಿಯಾಗಿ ನಿನಗೆ ಕೊಟ್ಟಿದ್ದೇನೆ’ ಎಂಬುದೇ ಆ ಕೂಡುವಿಕೆಯ ಮಾತು ಎಂದು ವಿವರಿಸಿದರು.

ನಮ್ಮ ಕಡೆಯದೇ ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಣ್ಣನಾದವನು ತಮ್ಮನಿಗೆ ಹೊಲ ಬರೆದುಕೊಡುವುದನ್ನು ಮುಂದಿನ ವರ್ಷಕ್ಕೆ ಮುಂದೂಡಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ಪೂರ್ತಿ ಕೊಟ್ಟೆನೆಂದು ಕಾಗದಕ್ಕೆ ಸಹಿ ಮಾಡಿ, ಬಾವಿಯಿರುವ ಮೂಲೆಯ ನಾಲ್ಕು ಗುಂಟೆಯನ್ನು ಉತಾರದಲ್ಲಿ ತನ್ನ ಹೆಸರಿಗೇ ಉಳಿಸಿಕೊಂಡರೆ ಕಾಗದದ ಮಾತು ಒಂದು, ಕೊಟ್ಟದ್ದು ಇನ್ನೊಂದಾಗುತ್ತದೆ. ಗರ್ಭ ತಡೆಯಲೆಂದು ಮಾತ್ರೆ ನುಂಗಿ ಕೂಡುವುದೂ ಹೀಗೆಯೇ. ಫಲವತ್ತಾದ ದಿನಗಳಲ್ಲಿ ದೂರವಿರುವ ದಂಪತಿ ಆ ದಿನ ಸಹಿಯನ್ನೇ ಮಾಡುವುದಿಲ್ಲ, ಮಾಡಿದ ದಿನ ಏನನ್ನೂ ಹಿಡಿದಿಟ್ಟುಕೊಳ್ಳುವುದಿಲ್ಲ. ಇಬ್ಬರೂ ಒಪ್ಪಿದ ಮೇಲೆ ಮೋಸವೆಲ್ಲಿ ಎಂದು ತಾವು ಕೇಳಬಹುದು. ಮೋಸವಿಲ್ಲ, ನಿಜ; ಆದರೆ ಒಪ್ಪಿಗೆಯಿದ್ದ ಮಾತ್ರಕ್ಕೆ ಅರ್ಧ ಕೊಟ್ಟದ್ದು ಪೂರ್ತಿಯಾಗುವುದಿಲ್ಲ.

ತರಬೇತಿಗಳಲ್ಲಿ ಇದನ್ನು ಸಾವಯವ ಬೆಲ್ಲ ಮಾರುವ ಧಾಟಿಯಲ್ಲಿ, ‘ರಾಸಾಯನಿಕ ಬೇಡ, ನೈಸರ್ಗಿಕವೇ ಒಳ್ಳೆಯದು’ ಎಂದು ಮುಗಿಸಿಬಿಡುವುದುಂಟು. ನನಗೆ ಅದು ಸರಿ ಕಾಣುವುದಿಲ್ಲ. ಯಾವ ಔಷಧಿಯೂ ಬೇಕಿಲ್ಲದ, ನಡುವೆಯೇ ಹಿಂದೆಗೆಯುವ ಹಳೆಯ ರೂಢಿಯನ್ನು ಕೂಡ ಸಭೆ ಒಪ್ಪುವುದಿಲ್ಲ. ಹಾಗೆಯೇ, ದಾಂಪತ್ಯದ ಸುಖವನ್ನು ಸಭೆ ಹೊಲಸೆಂದು ಬಗೆಯುತ್ತದೆ ಎಂಬ ಅನಿಸಿಕೆಯೂ ಸಲ್ಲದು. ಜಗತ್ತಿನ ಬಿಷಪರೆಲ್ಲ ಸೇರಿದ್ದ ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಅದನ್ನು ಉದಾತ್ತವೂ ಯೋಗ್ಯವೂ ಆದ ಕ್ರಿಯೆ ಎಂದೇ ಕರೆಯಿತು. ಹೆಣ್ಣನ್ನು ಹೊಲಕ್ಕೆ ಹೋಲಿಸುವ ಚಾಳಿ ನಮ್ಮಲ್ಲಿದೆಯಲ್ಲ, ಅದಕ್ಕೂ ಇಲ್ಲಿ ಎಡೆಯಿಲ್ಲ. ಹೊಲಕ್ಕೆ ಮನಸ್ಸಿಲ್ಲ, ಹೆಂಡತಿಗೆ ಇದೆ. ಆಕೆಯ ಸ್ಥಿತಿಯನ್ನೂ ಇಚ್ಛೆಯನ್ನೂ ಲೆಕ್ಕಿಸದೆ ಗಂಡ ಹೇರುವ ಕೂಡುವಿಕೆ ನಿಜವಾದ ಪ್ರೇಮವಲ್ಲವೆಂದು ವಿಶ್ವಪತ್ರ ನೇರವಾಗಿ ಹೇಳುತ್ತದೆ.

ಇನ್ನು ಕ್ಯಾಲೆಂಡರಿನಲ್ಲಿ ದಿನ ಎಣಿಸುವುದಷ್ಟೇ ಈಗಿನ ಕ್ರಮವಲ್ಲ. ಅಂಡ ಬಿಡುಗಡೆಯಾಗುವ ಹೊತ್ತಿಗೆ ಸ್ರಾವ ತಿಳಿಯಾಗಿ, ಎಳೆದರೆ ನೂಲಿನಂತೆ ಬರುತ್ತದೆ. ಆಮೇಲೆ ದೇಹದ ಉಷ್ಣತೆ ಸ್ವಲ್ಪ ಏರಿ ನಿಲ್ಲುತ್ತದೆ. ಉಷ್ಣತೆಯನ್ನು ಬೆಳಿಗ್ಗೆ ಎಚ್ಚರವಾದೊಡನೆ, ಹಾಸಿಗೆ ಬಿಡುವ ಮುನ್ನ ನೋಡಬೇಕು. ರಾತ್ರಿ ಪಾಳಿ ಮುಗಿಸಿ ಬರುವ ಯಜಮಾನರಿಗೆ ಬಾಗಿಲು ತೆಗೆಯಲು ತಾವು ನಸುಕಿನಲ್ಲಿ ಎದ್ದಿರಾದರೆ ಆ ದಿನದ ಅಳತೆಯನ್ನು ನಂಬುವಂತಿಲ್ಲ. ಅವರು ಇನ್ನೊಂದು ಕೀಲಿಕೈ ಇಟ್ಟುಕೊಳ್ಳುವುದು ಒಳ್ಳೆಯದು. ಅಂಕಿಗಳನ್ನು ಬರೆದಿಡುವ ಕೆಲಸವನ್ನೂ ಅವರಿಗೇ ವಹಿಸಿ. ಸಂಯಮ ಇಬ್ಬರದೂ ಆಗಿರಬೇಕಾದ್ದರಿಂದ ಪೆನ್ನು ಒಬ್ಬರ ಕೈಯಲ್ಲೇ ಇರುವುದು ಚೆಂದವಲ್ಲ.

ಬಿ.ಇಡಿ. ತಕ್ಕ ಕಾರಣವೇ ಎಂಬುದನ್ನು ನಾನಾಗಲಿ ಗುರುಗಳಾಗಲಿ ನಿರ್ಧರಿಸುವಂತಿಲ್ಲ. ಆರೋಗ್ಯ, ಮನಸ್ಥಿತಿ, ಹಣಕಾಸು, ಈಗಾಗಲೇ ಹುಟ್ಟಿದ ಮಕ್ಕಳ ಹಿತ, ಇವನ್ನೆಲ್ಲ ದೇವರ ಮುಂದಿಟ್ಟು ದಂಪತಿಯೇ ತೀರ್ಮಾನಿಸಬೇಕೆಂದು ಸಭೆ ಬೋಧಿಸುತ್ತದೆ. ‘ಏನವಾ, ಏನರ ವಿಶೇಷ ಐತೇನು?’ ಎಂದು ಪ್ರತಿ ಭಾನುವಾರ ಪೂಜೆ ಮುಗಿದೊಡನೆ ಕೇಳುವ ಹಿರಿಯರಿಗೂ ಈ ತೀರ್ಮಾನದಲ್ಲಿ ಪಾಲಿಲ್ಲ. ಆದರೆ ಕೇವಲ ಸ್ವಾರ್ಥಕ್ಕಾಗಿ ವರ್ಷಗಟ್ಟಲೆ ಮುಂದೂಡಿದರೆ, ವಿಧಾನ ಸರಿಯಿದ್ದರೂ ತೀರ್ಮಾನ ಸರಿಯಾಗದು.

ಡಾಕ್ಟರು ಚಿಕಿತ್ಸೆಗೆಂದು ಬರೆದ ಮಾತ್ರೆಯ ವಿಷಯವೇ ಬೇರೆ. ರೋಗಕ್ಕೆ ಅದು ನಿಜವಾಗಿ ಅಗತ್ಯವಿದ್ದು, ಗರ್ಭ ತಡೆಯುವುದೇ ಒಳಗಿನ ಉದ್ದೇಶವಲ್ಲದಿದ್ದರೆ, ಗರ್ಭ ನಿಲ್ಲದೆಂದು ಮೊದಲೇ ತಿಳಿದಿದ್ದರೂ ತೆಗೆದುಕೊಳ್ಳಬಹುದೆಂದು ಅದೇ ವಿಶ್ವಪತ್ರದ 15ನೇ ಪರಿಚ್ಛೇದದಲ್ಲಿದೆ. ತಾವು ಅದನ್ನು ನುಂಗಿದ್ದಕ್ಕೆ ಪಾಪನಿವೇದನೆ ಮಾಡಬೇಕಾಗಿಲ್ಲ.