ಡಾಮ್ ಮಿಂಟಾಫ್: ಡಾಕ್‌ಯಾರ್ಡ್ ಕಡೆಯಿಂದ ಓದಿದರೆ ಅರ್ಥವಾಗುವ ಮಾಲ್ಟಾ ನಾಯಕ

ಮಿಂಟಾಫ್ ಬಗ್ಗೆ ಓದಲು ಕೂತವರು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ತಡವರಿಸುತ್ತಾರೆ. 1956ರಲ್ಲಿ ಈ ಮನುಷ್ಯ ಮಾಲ್ಟಾವನ್ನು ಬ್ರಿಟನ್ನಿನೊಳಗೇ ಸೇರಿಸಿಕೊಳ್ಳಿ ಎಂದು ಜನಮತಗಣನೆ ನಡೆಸುತ್ತಾರೆ. 1979ರಲ್ಲಿ ಬ್ರಿಟಿಷ್ ಸೇನೆಯನ್ನು ದ್ವೀಪದಿಂದ ಕಳಿಸಿ, ಆ ದಿನವನ್ನು ರಾಷ್ಟ್ರೀಯ ದಿನ ಮಾಡುತ್ತಾರೆ. ಪೂರ್ತಿ ಉಲ್ಟಾ ಹೊಡೆದರಲ್ಲ ಅನ್ನಿಸುತ್ತದೆ, ಅಲ್ವಾ? ನನ್ನ ಪ್ರಕಾರ ಉಲ್ಟಾ ಹೊಡೆದಿಲ್ಲ. ಎರಡೂ ಸಲ ಅವರ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ: ಬ್ರಿಟಿಷರ ನೌಕಾನೆಲೆಯಿಂದ ಬದುಕುವ ಜನಕ್ಕೆ ಆ ನೆಲೆಯ ಸರಿಯಾದ ಬೆಲೆ ಸಿಗುತ್ತಿದೆಯಾ? ನೆಲೆಯೇ ಹೋದರೆ ಸಂಬಳ ಕೊಡುವವರು ಯಾರು? ಈ ಟಿಪ್ಪಣಿಯನ್ನು ಆ ಎಳೆ ಹಿಡಿದೇ ಬರೆದಿದ್ದೇನೆ.

ಮೊದಲು ದ್ವೀಪದ ಅಂದಾಜು ಇರಲಿ. ಇಟಲಿಯ ಸಿಸಿಲಿಗೂ ಆಫ್ರಿಕಾದ ಲಿಬಿಯಾಗೂ ನಡುವೆ, ಮೆಡಿಟರೇನಿಯನ್ ಸಮುದ್ರದಲ್ಲಿ ಮಾಲ್ಟಾ ಇದೆ. ವಿಸ್ತೀರ್ಣ 316 ಚದರ ಕಿಲೋಮೀಟರ್, ಅಂದರೆ ಬೆಂಗಳೂರು ನಗರದ ಅರ್ಧಕ್ಕಿಂತ ಕಡಿಮೆ. ಮಿಂಟಾಫ್ ಕಾಲದಲ್ಲಿ ಜನಸಂಖ್ಯೆ ಸುಮಾರು 3 ಲಕ್ಷ. ಗಣಿ ಇಲ್ಲ, ನದಿ ಇಲ್ಲ, ದೊಡ್ಡ ಕೃಷಿ ಇಲ್ಲ. ಇದ್ದದ್ದು ಒಂದು ಅದ್ಭುತವಾದ ಬಂದರು. 1800ರಿಂದ ಬ್ರಿಟಿಷರು ಅಲ್ಲಿ ಕೂತದ್ದೂ ಅದಕ್ಕೇ. ಅವರ ಯುದ್ಧನೌಕೆಗಳ ರಿಪೇರಿ, ಸೈನಿಕರ ಊಟ ಬಟ್ಟೆ, ಕಚೇರಿಗಳ ಗುಮಾಸ್ತೆ ಕೆಲಸ, ಹೀಗೆ ದ್ವೀಪದ ಬಹುಪಾಲು ಆದಾಯ ಹೇಗೋ ಸುತ್ತಿ ಆ ನೆಲೆಗೇ ಹೋಗಿ ಸೇರುತ್ತಿತ್ತು. ಯುದ್ಧ ಬಂದರೆ ಕೈತುಂಬ ಕೆಲಸ, ಶಾಂತಿ ಬಂದರೆ ನೌಕರಿಗೆ ಕತ್ತರಿ. ವಿಚಿತ್ರ ಬದುಕು.

ಮಿಂಟಾಫ್ ಹುಟ್ಟಿದ್ದು 1916ರ ಆಗಸ್ಟ್ 6ರಂದು, ಡಾಕ್‌ಯಾರ್ಡ್ (ಹಡಗು ರಿಪೇರಿ ಮಾಡುವ ಕಟ್ಟೆ) ಪಕ್ಕದ ಬೊರ್ಮ್ಲಾ ಪಟ್ಟಣದಲ್ಲಿ. ಅಪ್ಪ ಬ್ರಿಟಿಷ್ ನೌಕಾಪಡೆಯಲ್ಲಿ ಅಡುಗೆಯವರು. ಮಗ ಓದಿನಲ್ಲಿ ಚುರುಕು. ಮಾಲ್ಟಾ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಮತ್ತು ಎಂಜಿನಿಯರಿಂಗ್ ಮುಗಿಸಿ, 1939ರಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿನ ಹರ್ಟ್‌ಫರ್ಡ್ ಕಾಲೇಜಿಗೆ ಹೋದರು. ಅವರು ಅಲ್ಲಿದ್ದಾಗಲೇ ಊರ ಮೇಲೆ ಬಾಂಬ್ ಬಿತ್ತು. ಎರಡನೇ ಮಹಾಯುದ್ಧದಲ್ಲಿ ಡಾಕ್‌ಯಾರ್ಡ್ ಸುತ್ತಲಿನ ಪಟ್ಟಣಗಳು ನೆಲಸಮವಾದಂತೆಯೇ ಆದವು. 1942ರಲ್ಲಿ ಬ್ರಿಟಿಷ್ ದೊರೆ ಇಡೀ ದ್ವೀಪಕ್ಕೆ ಜಾರ್ಜ್ ಕ್ರಾಸ್ ಎಂಬ ಶೌರ್ಯ ಪದಕ ಕೊಟ್ಟ. ಪದಕ ಬಂತು, ಸರಿ. ಮನೆ ಕಟ್ಟಿಕೊಡುವವರು ಯಾರು? 1943ರಲ್ಲಿ ಊರಿಗೆ ಮರಳಿದ ಯುವ ಎಂಜಿನಿಯರ್ ರಾಜಕೀಯಕ್ಕೆ ಇಳಿದದ್ದು ಈ ಪ್ರಶ್ನೆಯೊಂದಿಗೆ.

1947ರಲ್ಲಿ ಲೇಬರ್ ಪಕ್ಷ ಗೆದ್ದಿತು. ಪಾಲ್ ಬೊಫಾ ಪ್ರಧಾನಿ, ಮಿಂಟಾಫ್ ಉಪಪ್ರಧಾನಿ ಮತ್ತು ಪುನರ್ನಿರ್ಮಾಣ ಸಚಿವ. ಎರಡೇ ವರ್ಷದಲ್ಲಿ ಇಬ್ಬರಿಗೂ ಜಗಳ ಬಿತ್ತು. ಡಾಕ್‌ಯಾರ್ಡಿನಲ್ಲಿ ಕೆಲಸಗಾರರನ್ನು ತೆಗೆಯುವಾಗ ಲಂಡನ್ನಿಗೆ ಗಡುವು ಕೊಟ್ಟು ಬೆದರಿಸಬೇಕು ಎನ್ನುವವರು ಮಿಂಟಾಫ್, ಮಾತಾಡಿ ಸರಿಮಾಡೋಣ ಎನ್ನುವವರು ಬೊಫಾ. 1949ರಲ್ಲಿ ಪಕ್ಷ ಒಡೆಯಿತು. ಮಿಂಟಾಫ್ ನಾಯಕರಾದರು, ಬೊಫಾ ಬೇರೆ ಪಕ್ಷ ಕಟ್ಟಿದರು. ಒಡೆದ ಮನೆಗೆ ಮುಂದಿನ ಚುನಾವಣೆಯಲ್ಲಿ ಸೋಲು.

1956: ಬ್ರಿಟನ್ನಿಗೆ ಸೇರುವ ಯೋಜನೆ

1955ರಲ್ಲಿ ಮಿಂಟಾಫ್ ಮೊದಲ ಸಲ ಪ್ರಧಾನಿಯಾದರು. ಯೋಜನೆ ಸರಳ. ಮಾಲ್ಟಾ ಬ್ರಿಟನ್ನಿನ ಭಾಗವಾಗಲಿ. ಬ್ರಿಟಿಷ್ ಸಂಸತ್ತಿನಲ್ಲಿ ನಮಗೆ 3 ಸ್ಥಾನ ಕೊಡಿ. ರಕ್ಷಣೆ ಮತ್ತು ವಿದೇಶಾಂಗ ನೀವು ನೋಡಿ, ಒಳಾಡಳಿತ ಬಹುಮಟ್ಟಿಗೆ ನಮಗಿರಲಿ. ಆದರೆ ಸಂಬಳ, ಪಿಂಚಣಿ, ಸೌಲಭ್ಯ ಎಲ್ಲ ನಿಧಾನಕ್ಕೆ ನಿಮ್ಮ ಜನರ ಮಟ್ಟಕ್ಕೇ ಬರಬೇಕು. ಈ ಕೊನೆಯ ಮಾತೇ ಅವರಿಗೆ ಮುಖ್ಯ. ನಿಮ್ಮ ಹಡಗು ರಿಪೇರಿ ಮಾಡುವ ನಮ್ಮವನಿಗೆ ನಿಮ್ಮ ಕೆಲಸಗಾರನಷ್ಟೇ ಕೂಲಿ ಯಾಕಿಲ್ಲ ಎಂಬುದು ವಾದ.

1956ರ ಫೆಬ್ರವರಿಯಲ್ಲಿ ಮತದಾನ ನಡೆಯಿತು. ಮತ ಹಾಕಿದವರಲ್ಲಿ ಶೇ. 77 ಜನ ಹೌದು ಎಂದರು. ಇಲ್ಲಿ ಸ್ವಲ್ಪ ಎಚ್ಚರ. ಲೇಬರ್‌ನ ಎದುರಾಳಿ ನ್ಯಾಷನಲಿಸ್ಟ್ ಪಕ್ಷ ಬಹಿಷ್ಕಾರ ಹಾಕಿತ್ತು, ಕ್ಯಾಥೊಲಿಕ್ ಚರ್ಚ್ ತನ್ನ ಸ್ಥಾನಮಾನಕ್ಕೆ ಗ್ಯಾರಂಟಿ ಕೇಳುತ್ತ ವಿರೋಧಿಸಿತ್ತು. ಮತಗಟ್ಟೆಗೆ ಬಂದವರು ಶೇ. 59 ಮಾತ್ರ. ಒಟ್ಟು ಮತದಾರರ ಲೆಕ್ಕಕ್ಕೆ ಹೌದು ಎಂದವರು ಶೇ. 44ರಷ್ಟು. ಬರೀ 77 ಎಂದು ಹೇಳಿದರೆ ಅರ್ಧ ಸತ್ಯ.

ಯೋಜನೆ ಬಿದ್ದದ್ದು ಮಾತ್ರ ದುಡ್ಡಿನ ವಿಷಯಕ್ಕೆ. ಸಮಾನ ಜೀವನಮಟ್ಟಕ್ಕೆ ಗಟ್ಟಿಯಾದ ಮಾತು ಕೊಡಲು ಲಂಡನ್ ತಯಾರಿರಲಿಲ್ಲ. 1957ರಲ್ಲಿ ಬ್ರಿಟನ್ ತನ್ನ ರಕ್ಷಣಾ ಖರ್ಚನ್ನೇ ಕಡಿಮೆ ಮಾಡಲು ಹೊರಟಿತು. ನೌಕಾಪಡೆ ಸಣ್ಣದಾದರೆ ಮಾಲ್ಟಾದ ಡಾಕ್‌ಯಾರ್ಡಿಗೆ ಏನು ಕೆಲಸ? 1958ರ ಏಪ್ರಿಲ್‌ನಲ್ಲಿ ಮಿಂಟಾಫ್ ರಾಜೀನಾಮೆ ಕೊಟ್ಟರು. ಏಪ್ರಿಲ್ 28ರಂದು ಮುಷ್ಕರ, ಗಲಭೆ. ಗವರ್ನರ್ ಕೈಗೆ ಆಡಳಿತ ಹೋಯಿತು. ಅಲ್ಲಿಂದ ಮಿಂಟಾಫ್ ಬೇಡಿಕೆ ಸ್ವಾತಂತ್ರ್ಯ.

ಚರ್ಚ್ ಜೊತೆ ಜಗಳ

ಇದನ್ನು ಬಿಟ್ಟು ಓದಿದರೆ ಮಾಲ್ಟಾ ರಾಜಕೀಯ ತಲೆಗೆ ಹತ್ತುವುದಿಲ್ಲ. 1961ರಲ್ಲಿ ಆರ್ಚ್‌ಬಿಷಪ್ ಮೈಕೆಲ್ ಗೊಂಜಿ ಲೇಬರ್ ಪಕ್ಷದ ಕಾರ್ಯಕಾರಿ ಸಮಿತಿಯವರಿಗೆ ಧಾರ್ಮಿಕ ಬಹಿಷ್ಕಾರ ಹಾಕಿದರು. ಪಕ್ಷದ ಪತ್ರಿಕೆ ಓದುವುದು, ಹಂಚುವುದು, ಅದಕ್ಕೆ ಜಾಹೀರಾತು ಕೊಡುವುದು ಎಲ್ಲ ಘೋರ ಪಾಪ. ಊರಿಗೆ ಊರೇ ಕ್ಯಾಥೊಲಿಕ್ ಆಗಿರುವಾಗ ಇದು ಸುಮ್ನೆ ಗದರಿಕೆ ಅಲ್ಲ. ಮಾಜಿ ಉಪಪ್ರಧಾನಿ, ಲೇಖಕ ಜುಸೆ ಎಲ್ಲುಲ್ ಮೆರ್ಸರ್ 1961ರಲ್ಲಿ ತೀರಿಕೊಂಡಾಗ ಅವರನ್ನು ಅದ್ದೊಲೊರಾಟಾ ಸ್ಮಶಾನದ ಪವಿತ್ರೀಕರಿಸದ ಮೂಲೆಯಲ್ಲಿ ಹೂಳಿದರು. ಜನ ಆ ಮೂಲೆಯನ್ನು ‘ಮಿಜ್ಬ್ಲಾ’, ಅಂದರೆ ಕಸದ ಗುಂಡಿ, ಎಂದೇ ಕರೆಯುತ್ತಿದ್ದರು. 1962ರ ಚುನಾವಣೆಯಲ್ಲಿ ಲೇಬರ್ ಸೋತಿತು. ಹೀಗಾಗಿ 1964ರ ಸೆಪ್ಟೆಂಬರ್ 21ರಂದು ಸ್ವಾತಂತ್ರ್ಯ ತಂದ ಪ್ರಧಾನಿ ಎಂಬ ಹೆಸರು ನ್ಯಾಷನಲಿಸ್ಟ್ ನಾಯಕ ಜಾರ್ಜ್ ಬೋರ್ಗ್ ಒಲಿವಿಯರ್ ಪಾಲಾಯಿತು. ಚರ್ಚ್ ಮತ್ತು ಲೇಬರ್ ರಾಜಿಯಾದದ್ದು 1969ರಲ್ಲಿ.

ಸ್ವಾತಂತ್ರ್ಯ ಬಂದರೂ ಬ್ರಿಟಿಷ್ ಸೇನೆ ಅಲ್ಲೇ, ದೇಶದ ಮುಖ್ಯಸ್ಥೆಯಾಗಿ ಬ್ರಿಟಿಷ್ ರಾಣಿಯೇ ಮುಂದುವರಿದರು. ಇದು ಎಂಥ ಸ್ವಾತಂತ್ರ್ಯ ಎಂಬುದು ಮಿಂಟಾಫ್ ಪ್ರಶ್ನೆ. ಮಾಲ್ಟಾದಲ್ಲಿ ಸ್ವಾತಂತ್ರ್ಯ ದಿನವೂ ಇದೆ, ಬ್ರಿಟಿಷ್ ಸೇನೆ ಹೋದದ್ದನ್ನು ನೆನೆಯುವ ವಿಮೋಚನಾ ದಿನವೂ ಇದೆ. ಒಂದು ನ್ಯಾಷನಲಿಸ್ಟರಿಗೆ ಹತ್ತಿರ, ಇನ್ನೊಂದು ಲೇಬರ್‌ಗೆ.

1971ರ ನಂತರ

1971ರ ಜೂನ್‌ನಲ್ಲಿ ಲೇಬರ್ 28 ಸ್ಥಾನ, ನ್ಯಾಷನಲಿಸ್ಟ್ 27. ಒಂದೇ ಸ್ಥಾನದ ಬಹುಮತ. ಬೇರೆ ಯಾರಾದರೂ ಆಗಿದ್ದರೆ ಹೆದರಿ ಹೆದರಿ ಹೆಜ್ಜೆ ಇಡುತ್ತಿದ್ದರು. ಇವರು ಬಂದ ಕೂಡಲೇ ನ್ಯಾಟೋದ (ಅಮೆರಿಕ, ಬ್ರಿಟನ್ ಮೊದಲಾದ ಪಶ್ಚಿಮದ ದೇಶಗಳ ಸೇನಾ ಕೂಟ) ನೌಕಾ ಕಮಾಂಡರ್ ಆಗಿದ್ದ ಇಟಲಿಯ ಅಡ್ಮಿರಲ್‌ನನ್ನು ಹೊರಡಿ ಎಂದರು. ನಂತರ ಬ್ರಿಟನ್ನಿನ ಜೊತೆ ಬಾಡಿಗೆಯ ಚೌಕಾಸಿ. 1964ರ ಒಪ್ಪಂದದ ಪ್ರಕಾರ 10 ವರ್ಷಕ್ಕೆ 5 ಕೋಟಿ ಪೌಂಡ್ ನೆರವು, ಅಂದರೆ ವರ್ಷಕ್ಕೆ ಸರಾಸರಿ 50 ಲಕ್ಷ. ಅದು ಸಾಲದು ಎಂದರು. ಬ್ರಿಟನ್ ಸೇನೆಯನ್ನು ಹಿಂದೆ ಕರೆಸಲು ಶುರುಮಾಡಿತು. ಮಿಂಟಾಫ್ ಬಗ್ಗಲಿಲ್ಲ. ಅವರಿಗೆ ಗೊತ್ತಿದ್ದದ್ದು ಇಷ್ಟು: ಮಾಲ್ಟಾ ನ್ಯಾಟೋಗೆ ಅಷ್ಟೇನೂ ಬೇಕಾಗಿರದೆ ಇರಬಹುದು, ಆದರೆ ಅದು ಸೋವಿಯತ್ ಕೈಗೆ ಹೋಗುವುದಂತೂ ಯಾರಿಗೂ ಬೇಕಿಲ್ಲ. 1972ರ ಮಾರ್ಚ್ 26ರಂದು ಲಂಡನ್ನಿನಲ್ಲಿ ಬ್ರಿಟನ್ನಿನ ರಕ್ಷಣಾ ಸಚಿವ ಲಾರ್ಡ್ ಕ್ಯಾರಿಂಗ್ಟನ್ ಜೊತೆ ಸಹಿ. ವರ್ಷಕ್ಕೆ 1 ಕೋಟಿ 40 ಲಕ್ಷ ಪೌಂಡ್, 1979ರ ಮಾರ್ಚ್ 31ರವರೆಗೆ. ಅದರಲ್ಲಿ ಬ್ರಿಟನ್ನಿನ ಪಾಲು 52.5 ಲಕ್ಷ, ಉಳಿದದ್ದು ನ್ಯಾಟೋದ ಇತರ ದೇಶಗಳದು.

ಈ ಏಳು ವರ್ಷವೇ ಅವರ ಆಡಳಿತದ ಗಟ್ಟಿ ಭಾಗ ಎಂದು ನನಗನ್ನಿಸುತ್ತದೆ. ಬಾಡಿಗೆ ನಿಲ್ಲುವ ದಿನ ಮೊದಲೇ ಗೊತ್ತು. ಅಷ್ಟರೊಳಗೆ ಬೇರೆ ಆದಾಯ ಹುಡುಕಬೇಕು. 1973ರಲ್ಲಿ ಏರ್ ಮಾಲ್ಟಾ ಕಟ್ಟಿದರು, ಅದಕ್ಕೆ ಕೈಜೋಡಿಸಿದ್ದು ಪಾಕಿಸ್ತಾನದ ವಿಮಾನ ಸಂಸ್ಥೆ. ಅದೇ ವರ್ಷ ಸೀ ಮಾಲ್ಟಾ ಹಡಗು ಕಂಪನಿ. ಚೀನಾ ನೆರವಿನಿಂದ 3 ಲಕ್ಷ ಟನ್ನಿನ ಹಡಗು ಹಿಡಿಸುವ ಡ್ರೈ ಡಾಕ್. ಲಿಬಿಯಾದ ಗಡಾಫಿ ಜೊತೆ ಸ್ನೇಹ. ಒಳಗೆ 1974ರಲ್ಲಿ ಕನಿಷ್ಠ ವೇತನ, 1975ರಲ್ಲಿ ಚರ್ಚ್ ಹೊರಗೆ ಮದುವೆಯಾಗಲು ಕಾನೂನು. 1974ರ ಡಿಸೆಂಬರ್ 13ರಂದು ಮಾಲ್ಟಾ ಗಣರಾಜ್ಯವಾಯಿತು, ಅಂತೋನಿ ಮಾಮೊ ಮೊದಲ ಅಧ್ಯಕ್ಷ. ಯೂರೋಪಿನ ಭದ್ರತೆ ಕುರಿತ 1975ರ ಹೆಲ್ಸಿಂಕಿ ಸಮ್ಮೇಳನದ ಕಥೆಯೂ ಮಜವಾಗಿದೆ. ಅಲ್ಲಿ ಎಲ್ಲರೂ ಒಪ್ಪಿದರೆ ಮಾತ್ರ ನಿರ್ಣಯ. ಮೆಡಿಟರೇನಿಯನ್ ಭದ್ರತೆಯ ಮಾತು ಸೇರಿಸದೆ ಒಪ್ಪುವುದಿಲ್ಲ ಎಂದು ಅಮೆರಿಕ, ಸೋವಿಯತ್ ಒಕ್ಕೂಟ ಎರಡನ್ನೂ ಈ ಪುಟ್ಟ ದೇಶ ಕಾಯಿಸಿತು. ಕೊನೆಗೆ ಸೇರಿಸಿಕೊಂಡರು.

ಇನ್ನೊಂದು ಮುಖ ಮುಚ್ಚಿಡುವಂತಿಲ್ಲ. 1979ರ ಅಕ್ಟೋಬರ್ 15ರಂದು ಲೇಬರ್ ಬೆಂಬಲಿಗರ ಗುಂಪು ‘ಟೈಮ್ಸ್ ಆಫ್ ಮಾಲ್ಟಾ’ ಪತ್ರಿಕೆಯ ಕಟ್ಟಡಕ್ಕೆ ಬೆಂಕಿ ಹಚ್ಚಿತು, ವಿರೋಧ ಪಕ್ಷದ ನಾಯಕ ಎಡ್ಡಿ ಫೆನೆಕ್ ಅದಾಮಿ ಅವರ ಮನೆಗೆ ನುಗ್ಗಿ ದಾಂಧಲೆ ಮಾಡಿತು. ವೈದ್ಯರು, ವಿಶ್ವವಿದ್ಯಾಲಯ, ಚರ್ಚ್ ಎಲ್ಲರ ಜೊತೆಗೂ ಸರ್ಕಾರದ ಗುದ್ದಾಟ. ಲಂಡನ್ನಿನ ಜೊತೆ ಕೆಲಸಕ್ಕೆ ಬಂದ ಹಟ ಊರೊಳಗೆ ಭಯ ಹುಟ್ಟಿಸಿತು.

1981ರ ಚುನಾವಣೆಯ ಲೆಕ್ಕ

ನ್ಯಾಷನಲಿಸ್ಟರಿಗೆ ಶೇ. 50.9 ಮತ, 31 ಸ್ಥಾನ. ಲೇಬರ್‌ಗೆ ಶೇ. 49.1 ಮತ, 34 ಸ್ಥಾನ. ಅದು ಹೇಗೆ? 13 ಕ್ಷೇತ್ರ, ತಲಾ 5 ಸ್ಥಾನ, ಮತದಾರ ಅಭ್ಯರ್ಥಿಗಳಿಗೆ 1, 2, 3 ಎಂದು ಆದ್ಯತೆ ಕೊಟ್ಟಿರುತ್ತಾನೆ, ಒಬ್ಬರಿಗೆ ಬೇಕಾದದ್ದಕ್ಕಿಂತ ಹೆಚ್ಚಾದ ಮತ ಆ ಆದ್ಯತೆಯಂತೆ ಮುಂದಿನವರಿಗೆ ದಾಟುತ್ತದೆ. ಒಂದು ಸ್ಥಾನಕ್ಕೆ ಬೇಕಾದದ್ದು ಸುಮಾರು ಆರನೇ ಒಂದು ಪಾಲು ಮತ. ಹಾಗಾದರೆ ಅರ್ಧಕ್ಕಿಂತ ಒಂಚೂರು ಜಾಸ್ತಿ ಬಂದರೆ 3 ಸ್ಥಾನ, ಶೇ. 65 ಬಂದರೂ ಅದೇ 3. ನಾಲ್ಕನೆಯದಕ್ಕೆ ಶೇ. 67ರಷ್ಟು ಬೇಕು. ಒಂದು ಪಕ್ಷ 8 ಕ್ಷೇತ್ರಗಳಲ್ಲಿ ಸ್ವಲ್ಪದರಲ್ಲಿ ಗೆದ್ದು 5ರಲ್ಲಿ ದೊಡ್ಡದಾಗಿ ಸೋತರೂ 34 ಸ್ಥಾನ ಕೂಡಿಬರುತ್ತದೆ. ಆದ್ದರಿಂದ ಕ್ಷೇತ್ರದ ಗೆರೆ ಎಳೆದವರ ಮೇಲೆ ಅನುಮಾನ ಬಂದದ್ದು ಸಹಜ. ನ್ಯಾಷನಲಿಸ್ಟರು ಸಂಸತ್ತನ್ನು ಬಹಿಷ್ಕರಿಸಿದರು. 1984ರ ಡಿಸೆಂಬರ್‌ನಲ್ಲಿ ಮಿಂಟಾಫ್ ಪ್ರಧಾನಿ ಪಟ್ಟ ಬಿಟ್ಟು ಕಾರ್ಮೆನು ಮಿಫ್ಸುದ್ ಬೊನ್ನಿಚಿಗೆ ಕೊಟ್ಟರು. 1987ರಲ್ಲಿ ಸಂವಿಧಾನ ತಿದ್ದುಪಡಿಯ ಕೊಡುಕೊಳ್ಳುವಿಕೆ ನಡೆಯಿತು: ಹೆಚ್ಚು ಮತ ಪಡೆದ ಪಕ್ಷಕ್ಕೆ ಹೆಚ್ಚು ಸ್ಥಾನ ಎಂಬುದು ನ್ಯಾಷನಲಿಸ್ಟರಿಗೆ, ಮಾಲ್ಟಾ ತಟಸ್ಥ ದೇಶ ಎಂಬುದು ಲೇಬರ್‌ಗೆ. ಆ ವರ್ಷದ ಚುನಾವಣೆಯಲ್ಲಿ ಫೆನೆಕ್ ಅದಾಮಿ ಗೆದ್ದರು.

ಮಿಂಟಾಫ್ ಸಂಸತ್ತಿನಲ್ಲೇ ಉಳಿದರು. 1996ರಲ್ಲಿ ಲೇಬರ್ ನಾಯಕ ಆಲ್ಫ್ರೆಡ್ ಸಾಂಟ್ ಮತ್ತೆ ಒಂದು ಸ್ಥಾನದ ಬಹುಮತದಲ್ಲಿ ಪ್ರಧಾನಿಯಾದಾಗ ಆ ಒಂದು ಸ್ಥಾನ ಅಂದರೆ ಮಿಂಟಾಫ್ ಎಂದೇ ಲೆಕ್ಕ. ಬೊರ್ಮ್ಲಾ ಪಕ್ಕದ ಬಿರ್ಗು ಕಡಲತೀರವನ್ನು ಖಾಸಗಿ ವಿಹಾರ ದೋಣಿಗಳ ನಿಲ್ದಾಣಕ್ಕೆ ಕೊಡುವ ಪ್ರಸ್ತಾವ ಬಂತು. 1998ರ ಜುಲೈನಲ್ಲಿ ಮಿಂಟಾಫ್ ಇದರಲ್ಲಿ ಸ್ವಂತ ಪಕ್ಷದ ವಿರುದ್ಧವೇ ಮತ ಹಾಕಿದರು. ಸರ್ಕಾರ ಸೋತು ಸೆಪ್ಟೆಂಬರ್‌ನಲ್ಲಿ ಚುನಾವಣೆ ಬಂತು. ನ್ಯಾಷನಲಿಸ್ಟರು ಗೆದ್ದು, ಸಾಂಟ್ ತಡೆಹಿಡಿದಿದ್ದ ಯೂರೋಪಿಯನ್ ಒಕ್ಕೂಟದ ಅರ್ಜಿಗೆ ಮತ್ತೆ ಜೀವ ಕೊಟ್ಟರು. ಒಕ್ಕೂಟ ಸೇರುವುದನ್ನು ಮಿಂಟಾಫ್ ವಿರೋಧಿಸಿ ಪ್ರಚಾರವನ್ನೂ ಮಾಡಿದರು. ಆದರೆ ಆ ದಾರಿ ತೆರೆದದ್ದು ಅವರದೇ ಮತ. 2004ರ ಮೇ 1ರಂದು ಮಾಲ್ಟಾ ಒಕ್ಕೂಟ ಸೇರಿತು. ಮಿಂಟಾಫ್ 2012ರ ಆಗಸ್ಟ್ 20ರಂದು, 96ನೇ ವಯಸ್ಸಿನಲ್ಲಿ ತೀರಿಕೊಂಡರು.